ಬೆಳಗಿನ ಬಾಗಿಲಲ್ಲಿ ಕೊಳಲೂದುವವನ ಊರು

ಲಂಡನ್ನಿಗೆ ಹೋದ ಕನ್ನಡಿಗರು ನೋಡಿಯೇ ಬರಬೇಕಾದ ಜಾಗಗಳ ಪಟ್ಟಿಯೊಂದಿದೆ. ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅದರಲ್ಲಿ ಮೊದಲನೆಯದು. 2023ರ ಜೂನಿನಲ್ಲಿ ಮಗಳ ಮನೆಗೆ ಹೋದಾಗ ನಾವೂ ಅಲ್ಲಿ ಕೈಮುಗಿದು, ಫೋಟೊ ತೆಗೆಸಿಕೊಂಡೆವು. ಪಟ್ಟಿಯಲ್ಲಿ ಉಳಿದದ್ದನ್ನೆಲ್ಲ ನಮ್ಮವರ ಪಾಲಿಗೆ ಬಿಟ್ಟು ನಾನು ಕೇಳಿಕೊಂಡದ್ದು ಎರಡೇ ಜಾಗ: ಆ್ಯಬಿ ರೋಡ್ ಮತ್ತು ಕೇಂಬ್ರಿಡ್ಜ್.

"ಕೇಂಬ್ರಿಡ್ಜ್ ಸರಿ ಅಮ್ಮ, ರಾಮಾನುಜನ್ ಇದ್ದ ಊರು. ಆ್ಯಬಿ ರೋಡ್ ಯಾಕೆ? ಬೀಟಲ್ಸ್ ಬಗ್ಗೆ ನಿನಗೆ ಯಾವಾಗಿನಿಂದ ಪ್ರೀತಿ?" ಎಂದಳು ಮಗಳು.

"ಬೀಟಲ್ಸ್ ಅಲ್ಲ ಮಾರಾಯ್ತಿ, ಪಿಂಕ್ ಫ್ಲಾಯ್ಡ್" ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಮುಲುಂಡಿನ ಅಡುಗೆಮನೆಯಲ್ಲಿ ನಾನು ಗುನುಗುವುದು ದಾಸರ ಪದಗಳನ್ನು ಮಾತ್ರ ಎಂದು ಅವಳು ತಿಳಿದಿದ್ದಳು.

ನಮ್ಮ ಸಂಘದ ಹುಡುಗ ಹುಡುಗಿಯರಲ್ಲಿ ಅನೇಕರು ತ್ರಿಕೋನದೊಳಗಿಂದ ಕಾಮನಬಿಲ್ಲು ಹೊರಡುವ ಚಿತ್ರದ ಟೀ ಶರ್ಟ್ ತೊಟ್ಟು ಕಾರ್ಯಕ್ರಮಗಳಿಗೆ ಬರುತ್ತೀರಿ. ರಾಜ್ಯೋತ್ಸವಕ್ಕೂ ಹಾಗೇ ಬಂದವರುಂಟು. ಅದು ಈ ತಂಡದ 1973ರ ಧ್ವನಿಮುದ್ರಿಕೆಯ ಮುಖಚಿತ್ರ. ನಾನು ಹೇಳಹೊರಟಿರುವುದು ಅದಕ್ಕೂ ಆರು ವರ್ಷ ಹಿಂದಿನ, 1967ರ ಆಗಸ್ಟಿನಲ್ಲಿ ಹೊರಬಂದ ಅವರ ಚೊಚ್ಚಲ ಕೃತಿಯ ಸಂಗತಿ. ಹೆಸರು 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್'. ಬೆಳಗಿನ ಬಾಗಿಲಲ್ಲಿ ಕೊಳಲೂದುವವನು ಎಂದು ಕನ್ನಡದಲ್ಲಿ ಹೇಳಬಹುದು. ಅದರಲ್ಲಿರುವ ಹನ್ನೊಂದು ರಚನೆಗಳಲ್ಲಿ ಎಂಟನ್ನು ಒಬ್ಬನೇ ಬರೆದ. ಅವನೇ ಸಿಡ್ ಬ್ಯಾರೆಟ್, ಆಗ ಇಪ್ಪತ್ತೊಂದರ ಹುಡುಗ. ನನ್ನ ಮಗನಿಗಿಂತ ಚಿಕ್ಕವನಾದ್ದರಿಂದ ಸದ್ಯ ಏಕವಚನದಲ್ಲೇ ಕರೆಯುತ್ತೇನೆ.

ಈ ಹಾಡುಗಳು ನನಗೆ ಸಿಕ್ಕಿದ್ದು ಉಡುಪಿಯಲ್ಲಿ ಬಿ.ಎ. ಓದುವಾಗ. ಮುಂಬಯಿಯಲ್ಲಿ ಕೆಲಸಕ್ಕಿದ್ದ ಅಣ್ಣ ಯಾರದೋ ರೆಕಾರ್ಡಿನಿಂದ ನಕಲು ಮಾಡಿಸಿದ ಕ್ಯಾಸೆಟ್ಟನ್ನು ರಜೆಗೆ ಬರುವಾಗ ತಂದಿದ್ದ. ನಕಲಿನ ನಕಲು ಅದು. ಹಾಡಿಗಿಂತ ಮೊದಲು ಕೇಳಿಸುತ್ತಿದ್ದುದು ದೋಸೆ ಹೆಂಚಿನ ಮೇಲೆ ನೀರು ಚಿಮುಕಿಸಿದಂಥ 'ಚುರ್‍' ಸದ್ದು. ಆ ಸದ್ದಿನ ಹಿಂದೆ ಯಾರೋ ಬೆಕ್ಕಿನ ಬಗ್ಗೆ, ಬೆದರುಬೊಂಬೆಯ ಬಗ್ಗೆ, ಕುಳ್ಳ ಯಕ್ಷನೊಬ್ಬನ ಬಗ್ಗೆ ಹಾಡುತ್ತಿದ್ದರು. ಅಮ್ಮ ಒಮ್ಮೆ ಒಳಗಿನಿಂದಲೇ "ಅದೇನೇ, ರೇಡಿಯೊ ಕೆಟ್ಟಿದೆಯಾ?" ಎಂದು ಕೇಳಿದ್ದುಂಟು. ಆದರೆ ಆ ಶೀರ್ಷಿಕೆ ನನ್ನನ್ನು ಬಿಡಲಿಲ್ಲ. ಅದೇ ಹೆಸರಿನ ಅಧ್ಯಾಯವೊಂದನ್ನು ನಾನು ಆಗ ಓದಿದ್ದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ್ಯಬಿ ರೋಡಿಗೆ ಹೋಗುವ ಮುನ್ನ ಮಗಳು ಹಳೆಯ ರೆಕಾರ್ಡುಗಳ ಅಂಗಡಿಯೊಂದರಿಂದ ಇದರ ರೀಮಾಸ್ಟರ್ ಮಾಡಿದ ಆವೃತ್ತಿಯನ್ನು ಹುಡುಕಿ ತಂದಳು. ನಲವತ್ತು ತುಂಬಿದ ನೆನಪಿಗೆ 2007ರಲ್ಲಿ ಹೊರಡಿಸಿದ್ದು. ಬಟ್ಟೆಯ ರಟ್ಟು ಹಾಕಿದ ಪುಸ್ತಕದಂತಿದೆ. ಒಳಗೆ ಮೂರು ಸಿ.ಡಿ.ಗಳು, ಜೊತೆಗೆ ಸಿಡ್ ಬರೆದಿಟ್ಟ ಪುಟ್ಟ ನೋಟ್‌ಬುಕ್ಕೊಂದರ ಪ್ರತಿ.

ರೀಮಾಸ್ಟರ್ ಎಂದರೆ ಹಾಡನ್ನು ಹೊಸದಾಗಿ ಹಾಡಿಸುವುದಲ್ಲ, ವಾದ್ಯಗಳನ್ನು ಬಿಡಿಸಿ ಮತ್ತೆ ಜೋಡಿಸುವುದೂ ಅಲ್ಲ, ಅದು ರೀಮಿಕ್ಸ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹಿತ್ತಾಳೆಯ ಕೊಡವನ್ನು ಕರಗಿಸಿ ಮತ್ತೆ ಎರಕ ಹೊಯ್ದರೆ ರೀಮಿಕ್ಸ್, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ರೀಮಾಸ್ಟರ್. ಮೂಲ ಟೇಪನ್ನು ಹುಡುಕಿ ತೆಗೆದು, ಒಳ್ಳೆಯ ಯಂತ್ರದಲ್ಲಿ ಓಡಿಸಿ, ಡಿಜಿಟಲ್ಲಿಗೆ ಇಳಿಸಿ, ಗದ್ದಲ ತಗ್ಗಿಸಿ, ತಗ್ಗು ದನಿ ಏರುದನಿಗಳ ಹದ ನೋಡುವ ಕೆಲಸ. ಇದನ್ನು ಮಾಡಿದವರು ಜೇಮ್ಸ್ ಗತ್ರಿ, ಆ ತಂಡದೊಡನೆ ಬಹುಕಾಲ ದುಡಿದ ಧ್ವನಿ ತಜ್ಞರು. ತೀರಾ ತಿಕ್ಕಿದರೆ ಕೊಡ ಸವೆಯುತ್ತದೆ ಎಂಬುದು ಪಾತ್ರೆ ತೊಳೆದವರಿಗೆಲ್ಲ ಗೊತ್ತು. ಇಲ್ಲಿ ಹಾಗಾಗಿಲ್ಲವೆಂದು ನನ್ನ ಕಿವಿ ಹೇಳಿತು.

ಮೊದಲ ಸಿ.ಡಿ. ಮೋನೊ, ಎರಡನೆಯದು ಸ್ಟೀರಿಯೊ. 1967ರಲ್ಲಿ ಇಂಗ್ಲೆಂಡಿನ ಬಹುಪಾಲು ಮನೆಗಳಲ್ಲಿದ್ದುದು ಒಂದೇ ಸ್ಪೀಕರಿನ ರೆಕಾರ್ಡ್ ಪ್ಲೇಯರ್. ಹಾಗಾಗಿ ಹುಡುಗರು ಹೆಚ್ಚು ಮನಸ್ಸಿಟ್ಟಿದ್ದು ಮೋನೊ ಮಿಶ್ರಣಕ್ಕೆ. ಕೇಳಿದರೆ ತಿಳಿಯುತ್ತದೆ, ಗಿಟಾರು, ಆರ್ಗನ್, ಡ್ರಮ್ಮು ಎಲ್ಲ ಒಂದೇ ಮುದ್ದೆಯಾಗಿ ಎದೆಗೆ ಬಂದು ತಾಗುತ್ತವೆ. ಸ್ಟೀರಿಯೊದಲ್ಲಿ ಸುಮಾರು ಹತ್ತು ನಿಮಿಷದ 'ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್' ಮುಗಿಯುವ ಹೊತ್ತಿಗೆ ಸದ್ದು ಎಡಗಿವಿಯಿಂದ ಬಲಗಿವಿಗೆ ಉಯ್ಯಾಲೆಯಾಡುತ್ತದೆ. ನನಗಂತೂ ಘಾಟಿ ಇಳಿಯುವ ಬಸ್ಸಿನಲ್ಲಿ ಕುಳಿತಂತಾಯಿತು.

ಬಹಳ ಹಿಡಿಸಿದ್ದು ಸಣ್ಣ ಸಣ್ಣ ಸಂಗತಿಗಳು. ಮೊದಲ ಹಾಡಿನ ಆರಂಭದಲ್ಲಿ ಏನೋ ಗೊಣಗಾಟವಿದೆ ಎಂದು ಮೂವತ್ತು ವರ್ಷ ಅಂದುಕೊಂಡಿದ್ದೆ. ಅದು ಅವರ ಮ್ಯಾನೇಜರ್ ಪೀಟರ್ ಜೆನ್ನರ್ ಮೆಗಾಫೋನಿನಲ್ಲಿ ಆಕಾಶಕಾಯಗಳ ಹೆಸರು ಓದುತ್ತಿರುವುದು! ಕೊನೆಯ ಹಾಡು 'ಬೈಕ್'. ನಮ್ಮ ಮೋಟಾರು ಬೈಕಲ್ಲ, ಸೈಕಲ್ಲು. ಅದು ಮುಗಿದ ಮೇಲೆ ಗಡಿಯಾರಗಳು, ಗಂಟೆಗಳು, ಕೀಲಿ ಕೊಟ್ಟ ಆಟಿಕೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ.

ಮೂರನೆಯ ಸಿ.ಡಿ.ಯಲ್ಲಿ 'ಮಟಿಲ್ಡಾ ಮದರ್' ಹಾಡಿನ ಬೇರೊಂದು ರೂಪವಿದೆ. ತಾಯಿ ಓದಿ ಹೇಳುವ ಕತೆಗಾಗಿ ಹಂಬಲಿಸುವ ಮಗುವಿನ ಹಾಡದು. ಸಿಡ್ ಮೊದಲು ಅದರಲ್ಲಿ ಹಿಲೇರ್ ಬೆಲಾಕ್ 1907ರಲ್ಲಿ ಮಕ್ಕಳಿಗೆಂದು ಬರೆದ ಪದ್ಯಗಳನ್ನೇ ಹಾಡಿದ್ದ. ಹಕ್ಕುದಾರರು ಅನುಮತಿ ಕೊಡಲಿಲ್ಲ. ಬೇರೆ ದಾರಿಯಿಲ್ಲದೆ ತಾನೇ ಸಾಲು ಕಟ್ಟಿದ. ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಹಕ್ಕುದಾರರು ಇಲ್ಲವೆಂದದ್ದೇ ಒಳ್ಳೆಯದಾಯಿತು, ಅವನದೇ ಪದ್ಯ ಎಷ್ಟೋ ಪಾಲು ಮೇಲು.

ಇನ್ನು ಆ್ಯಬಿ ರೋಡ್. ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಮುಂದಿನಿಂದ ನೋಡಿದರೆ ಯಾರೋ ಡಾಕ್ಟರ ಬಂಗಲೆಯಂತಿರುವ ಬಿಳಿ ಕಟ್ಟಡ, 1931ರಿಂದ ಸ್ಟುಡಿಯೊ. ಒಳಗೆ ಬಿಡುವುದಿಲ್ಲ. ಕಾಂಪೌಂಡಿನ ಗೋಡೆ ತುಂಬ ಜಗತ್ತಿನ ಜನರ ಸಹಿ. ಆಗಾಗ ಸುಣ್ಣ ಬಳಿಯುತ್ತಾರೆ, ಮತ್ತೆ ಬರೆಯುತ್ತಾರೆ. ಜೀಬ್ರಾ ಪಟ್ಟೆಯ ಮೇಲೆ ನಾಲ್ವರು ಹುಡುಗರು ಬರಿಗಾಲಲ್ಲಿ ದಾಟುತ್ತಿದ್ದರು, ಬಸ್ಸಿನವನು ತಾಳ್ಮೆಯಿಂದ ಕಾಯುತ್ತಿದ್ದ.

1967ರ ವಸಂತದಲ್ಲಿ ಈ ಕಟ್ಟಡದ ಒಂದು ಕೋಣೆಯಲ್ಲಿ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಮಾಡುತ್ತಿದ್ದರೆ, ಇನ್ನೊಂದರಲ್ಲಿ ಈ ನಾಲ್ವರು ತಮ್ಮ ಮೊದಲ ಕೃತಿ ಮಾಡುತ್ತಿದ್ದರು. ನಿರ್ಮಾಪಕ ನಾರ್ಮನ್ ಸ್ಮಿತ್ ಅದಕ್ಕೆ ಮೊದಲು ಬೀಟಲ್ಸರ ಧ್ವನಿಮುದ್ರಣ ನೋಡಿಕೊಂಡವರೇ. ಮುಖಚಿತ್ರ ತೆಗೆದವರ ಹೆಸರು ನೋಡಿ ನನಗೆ ಕುತೂಹಲವಾಯಿತು: ವಿಕ್ ಸಿಂಗ್. ಜಾರ್ಜ್ ಹ್ಯಾರಿಸನ್ ಕೊಟ್ಟ ಪ್ರಿಸಂ ಲೆನ್ಸಿನಿಂದ ತೆಗೆದದ್ದು. ಅದಕ್ಕೇ ಒಬ್ಬೊಬ್ಬನಿಗೂ ಎರಡು ಮೂರು ಮುಖ.

ಆ ವರ್ಷ ಮುಗಿಯುವುದರೊಳಗೆ ಸಿಡ್ ಕೈತಪ್ಪಿದ್ದ. ಎಲ್.ಎಸ್.ಡಿ. ಅತಿಯಾಗಿತ್ತು. ವೇದಿಕೆಯ ಮೇಲೆ ಒಂದೇ ಸ್ವರ ಮೀಟುತ್ತ, ಕೆಲವೊಮ್ಮೆ ಏನನ್ನೂ ನುಡಿಸದೆ ನಿಂತುಬಿಡುತ್ತಿದ್ದ. 1968ರ ಜನವರಿಯ ಒಂದು ದಿನ ಕಾರ್ಯಕ್ರಮಕ್ಕೆ ಹೊರಟ ಗೆಳೆಯರು ದಾರಿಯಲ್ಲಿ ಅವನನ್ನು ಹತ್ತಿಸಿಕೊಳ್ಳದೆ ಹೋದರು. ಜಗಳವಿಲ್ಲ, ಕಾಗದಪತ್ರವಿಲ್ಲ, ಗಾಡಿ ಅವನ ಮನೆಯ ಕಡೆ ತಿರುಗಲಿಲ್ಲ, ಅಷ್ಟೇ. ಏಳು ವರ್ಷದ ಮೇಲೆ, 1975ರ ಜೂನ್ 5ರಂದು, ಅವನನ್ನೇ ಕುರಿತ ಹಾಡನ್ನು ಅವರು ಇದೇ ಸ್ಟುಡಿಯೊದಲ್ಲಿ ಮುಗಿಸುತ್ತಿದ್ದಾಗ ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಒಳಗೆ ಬಂದು ನಿಂತ. ಬಹಳ ಹೊತ್ತು ಯಾರಿಗೂ ಗುರುತು ಸಿಗಲಿಲ್ಲ. ನಾನು ಆ ಗೇಟಿನ ಬಳಿ ನಿಂತು ನೋಡಿದ್ದು ಆ ಮೆಟ್ಟಿಲುಗಳನ್ನು, ಜೀಬ್ರಾ ಪಟ್ಟೆಯನ್ನಲ್ಲ.

ಪ್ರತಿಭೆ ಇರಬೇಕಾದರೆ ಸ್ವಲ್ಪ ಹುಚ್ಚು ಬೇಕು, ಅಮಲೂ ಬೇಕು ಎಂಬ ಮಾತನ್ನು ನಿಮ್ಮ ವಯಸ್ಸಿನವರು ಆಡುವುದನ್ನು ಕೇಳಿದ್ದೇನೆ. ಈ ಸಿ.ಡಿ.ಗಳನ್ನು ಕೇಳಿ. ಮೂರನೆಯದರಲ್ಲಿರುವ 'ಆರ್ನಲ್ಡ್ ಲೇನ್' ಅವರ ಮೊದಲ ಸಿಂಗಲ್. ಸಿಡ್ ಮತ್ತು ರೋಜರ್ ವಾಟರ್ಸ್ ಇಬ್ಬರ ಅಮ್ಮಂದಿರೂ ಕೇಂಬ್ರಿಡ್ಜಿನಲ್ಲಿ ವಿದ್ಯಾರ್ಥಿನಿಯರಿಗೆ ಬಾಡಿಗೆಗೆ ಕೋಣೆ ಕೊಡುತ್ತಿದ್ದರಂತೆ; ಆ ಹುಡುಗಿಯರು ಒಣಹಾಕಿದ ಬಟ್ಟೆ ಹಗ್ಗದಿಂದ ಕಳವಾಗುತ್ತಿದ್ದುದೇ ಹಾಡಿಗೆ ವಸ್ತು. ಬಟ್ಟೆ ಒಣಗುವ ಹಗ್ಗ, ಬೆಕ್ಕು, ಸೈಕಲ್ಲು, ಅಮ್ಮನ ಕತೆ - ಇವು ಹುಡುಗನಿಗೆ ಸಿಕ್ಕಿದ್ದು ಮನೆಯಲ್ಲಿ. ಅಮಲು ಅವನಿಗೆ ಇದನ್ನು ಕೊಟ್ಟದ್ದಲ್ಲ. ಅವನಿಂದ ಕಿತ್ತುಕೊಂಡಿತು ಎಂದರೆ ನಾನು ಒಪ್ಪುತ್ತೇನೆ.

ಕಿಂಗ್ಸ್ ಕ್ರಾಸಿನಿಂದ ಕೇಂಬ್ರಿಡ್ಜಿಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ನಮ್ಮವರು ಟ್ರಿನಿಟಿ ಕಾಲೇಜಿನ ಕಡೆ ಹೋದರು. ನಾನು, ಮಗಳು ಹೊಳೆಯ ಕಡೆ. ಕ್ಯಾಮ್ ಎಂಬ ಆ ಹೊಳೆಗೆ ನಮ್ಮ ಸ್ವರ್ಣಾ ನದಿಯ ಕಾಲುಭಾಗ ಅಗಲವೂ ಇಲ್ಲ. ದಂಡೆಯಗುಂಟ ಗ್ರಾಂಟ್‌ಚೆಸ್ಟರ್ ಹಳ್ಳಿಗೆ ಸುಮಾರು ಮೂರು ಕಿಲೊಮೀಟರ್ ಕಾಲುದಾರಿ. ಹುಲ್ಲುಗಾವಲು, ಮೇಯುವ ದನಗಳು, ನೀರಿಗೆ ಬಾಗಿದ ವಿಲ್ಲೊ ಮರಗಳು. ಸಿಡ್, ವಾಟರ್ಸ್, ಮುಂದೆ ಸಿಡ್‌ನ ಜಾಗಕ್ಕೆ ಬಂದ ಡೇವಿಡ್ ಗಿಲ್ಮೋರ್ ಮೂವರೂ ಈ ಊರಿನಲ್ಲಿ ಬೆಳೆದವರು.

ಹಳ್ಳಿಯ 'ಆರ್ಚರ್ಡ್' ಎಂಬ ತೋಟದಲ್ಲಿ ಸೇಬಿನ ಮರದಡಿ ಕುರ್ಚಿ ಹಾಕಿಕೊಂಡು ಚಹಾ ಕುಡಿದೆವು. ಕವಿ ರೂಪರ್ಟ್ ಬ್ರೂಕ್ 1909ರಲ್ಲಿ ಇಲ್ಲಿ ಬಾಡಿಗೆಗಿದ್ದ. ಆ ಅಧ್ಯಾಯದ ಕತೆಯನ್ನು ಮಗಳಿಗೆ ಹೇಳಿದ್ದು ಅಲ್ಲಿಯೇ.

ಕೆನೆತ್ ಗ್ರಹಾಂ 1908ರಲ್ಲಿ ಬರೆದ 'ದಿ ವಿಂಡ್ ಇನ್ ದಿ ವಿಲ್ಲೋಸ್' ಪುಸ್ತಕದ ಏಳನೆಯ ಅಧ್ಯಾಯ ಅದು. ಸಿಡ್ ತನ್ನ ಕೃತಿಗೆ ಆ ಅಧ್ಯಾಯದ ಹೆಸರನ್ನೇ ಇಟ್ಟ. ಗ್ರಹಾಮರ ನದಿ ಥೇಮ್ಸ್, ಕ್ಯಾಮ್ ಅಲ್ಲ. ಆದರೆ ದಂಡೆ ಇಂಥದೇ. ನೀರುನಾಯಿಯ ಮರಿಯೊಂದು ಕಳೆದುಹೋಗಿದೆ. ಇಲಿ ಮತ್ತು ಮೋಲ್ ಎಂಬ ಗೆಳೆಯರಿಬ್ಬರು ರಾತ್ರಿಯಿಡೀ ದೋಣಿಯಲ್ಲಿ ಹುಡುಕುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಎಲ್ಲಿಂದಲೋ ಕೊಳಲಿನ ನಾದ. ಹೋಗಿ ನೋಡಿದರೆ ಸಾಕ್ಷಾತ್ ಪ್ಯಾನ್ ದೇವತೆ, ಅವನ ಕಾಲಬಳಿ ಹಾಯಾಗಿ ಮಲಗಿದ ಮರಿ! ಓದುವಾಗ ನನಗೆ ವೃಂದಾವನವೇ ಕಂಡಿತ್ತು. (ಉಡುಪಿಯ ನಮ್ಮ ಕೃಷ್ಣನ ಕೈಯಲ್ಲಿರುವುದು ಕೊಳಲಲ್ಲ, ಕಡೆಗೋಲು, ಅದು ಬೇರೆ ಮಾತು.)

ಸೂರ್ಯ ಮೇಲೆದ್ದೊಡನೆ ದೇವತೆ ಮಾಯವಾಗುತ್ತಾನೆ. ಹೋಗುವ ಮುನ್ನ ಅವರಿಗೊಂದು ವರ ಕೊಡುತ್ತಾನೆ: ಮರೆವು. ಆ ದರ್ಶನದ ನೆನಪು ಉಳಿದರೆ ಮುಂದಿನ ಬಾಳೆಲ್ಲ ಸಪ್ಪೆಯಾಗುತ್ತದೆಂದು ಕರುಣೆಯಿಂದ ಮರೆಸಿಬಿಡುತ್ತಾನೆ. ಇಲಿಗೂ ಮೋಲ್‌ಗೂ ಏನನ್ನು ಕಂಡೆವೆಂಬುದೇ ನೆನಪಿರುವುದಿಲ್ಲ. ಮರಿ ಸಿಕ್ಕಿತಲ್ಲ ಎಂದು ಖುಷಿಯಿಂದ ಮನೆಗೆ ಹೋಗುತ್ತಾರೆ.

ಸಿಡ್ ಬ್ಯಾರೆಟ್ ಮನೆಗೆ ಹೋದದ್ದೂ ಹಾಗೆಯೇ. ಸುಮಾರು 1982ರಲ್ಲಿ ಲಂಡನ್ನಿನಿಂದ ಐವತ್ತು ಮೈಲಿ ನಡೆದೇ ಬಂದನೆಂದು ಹೇಳುತ್ತಾರೆ. ಮನೆಯಲ್ಲಿ ಇಟ್ಟ ರೋಜರ್ ಎಂಬ ಹೆಸರಿಗೇ ಮರಳಿದ. ಆಮೇಲಿನ ಇಪ್ಪತ್ತನಾಲ್ಕು ವರ್ಷ ರೋಜರ್ ಬ್ಯಾರೆಟ್ ಅವರು (ಇನ್ನು ಬಹುವಚನವೇ ಸರಿ) ಇದೇ ಊರಿನಲ್ಲಿ ಚಿತ್ರ ಬರೆದರು, ತೋಟ ಮಾಡಿದರು, ಸೈಕಲ್ಲಿನಲ್ಲಿ ಅಂಗಡಿಗೆ ಹೋಗಿ ಬಂದರು. ಬಾಗಿಲು ತಟ್ಟಿ 'ಸಿಡ್' ಎಂದು ಕರೆದ ಅಭಿಮಾನಿಗಳೊಡನೆ ಮಾತಾಡಲು ಒಲ್ಲೆನೆಂದರು. 2006ರ ಜುಲೈ 7ರಂದು, ಅರವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ನವೆಂಬರಿನಲ್ಲಿ ಅವರ ಮನೆಯ ಸಾಮಾನು ಇದೇ ಊರಿನಲ್ಲಿ ಹರಾಜಾಯಿತು: ಕೈಯಾರೆ ಮಾಡಿಕೊಂಡ ಒರಟು ಪೀಠೋಪಕರಣ, ಪುಸ್ತಕ, ಸೈಕಲ್ಲು. ಲಕ್ಷ ಪೌಂಡಿಗೂ ಹೆಚ್ಚು ಬಂತು. ಮರುವರ್ಷವೇ ನನ್ನ ಕೈಯಲ್ಲಿದ್ದ ಈ ರೀಮಾಸ್ಟರ್.

ಮರೆಯಬೇಕೆಂದು ಹೊರಟವರ ಒಂದೊಂದು ಉಸಿರನ್ನೂ ನಾವು ತಿಕ್ಕಿ ತೊಳೆದು ಇಟ್ಟುಕೊಂಡಿದ್ದೇವೆ. ಹಾಡು ಕೇಳುವವರದು, ನಿಜ. ಹೊರಬಂದ ಹಾಡನ್ನು ಕಟ್ಟಿದವನೂ ಹಿಂತೆಗೆದುಕೊಳ್ಳಲಾರ. ಮನೆ ಮಾತ್ರ ಕೇಳುವವರದಲ್ಲ. ಮಗಳು ಫೋನಿನಲ್ಲಿ ನಕ್ಷೆ ತೆಗೆದು, "ಅವರ ಮನೆ ಇಲ್ಲಿಂದ ದೂರ ಇಲ್ಲ ಅಮ್ಮ, ಹೋಗೋಣವಾ?" ಎಂದಳು. "ಬೇಡ, ಈಗ ಬೇರೆ ಯಾರದೋ ಸಂಸಾರ ಇರುತ್ತದೆ. ಒಗೆದ ಬಟ್ಟೆ ಒಣಹಾಕಿರುತ್ತಾರೆ" ಎಂದೆ. ಅವಳು ಫೋನನ್ನು ಚೀಲದೊಳಗಿಟ್ಟಳು.

ಅದರ ಬದಲು ಪೇಟೆಯ ನಡುವಿರುವ ಕಾರ್ನ್ ಎಕ್ಸ್‌ಚೇಂಜ್ ಸಭಾಂಗಣದ ಮುಂದೆ ಹೋಗಿ ನಿಂತೆವು. 1972ರಲ್ಲಿ ಸಿಡ್ ಇಲ್ಲಿ ನುಡಿಸಿದ್ದ. ಸ್ವಲ್ಪ ದಿನಗಳಲ್ಲೇ ವೇದಿಕೆಯನ್ನು ಬಿಟ್ಟೇಬಿಟ್ಟ. 2016ರಲ್ಲಿ ಒಳಗೆ ಅವನ ಸ್ಮಾರಕವಾಗಿ ಕಲಾಕೃತಿಯೊಂದನ್ನು ಇಟ್ಟಿದ್ದಾರೆ. ನಾವು ಹೋದ ಹೊತ್ತಿಗೆ ಬಾಗಿಲು ಹಾಕಿತ್ತು.

ನೀವು ಕೇಳುವುದಾದರೆ ಮೊದಲು ಮೋನೊ ಕೇಳಿ, ಒಂದೇ ಸಲಕ್ಕೆ, ಮೊದಲಿನಿಂದ ಕೊನೆಯವರೆಗೆ. ನಲವತ್ತೆರಡು ನಿಮಿಷ ಸಾಕು. ನಡುವೆ ಫೋನು ನೋಡಬೇಡಿ. ಪುಸ್ತಕ ಕೊಳ್ಳುವಾಗ ಏಳನೆಯ ಅಧ್ಯಾಯ ಇದೆಯೇ ಎಂದು ತಿರುವಿ ನೋಡಿ, ಸಂಕ್ಷೇಪಿಸಿದ ಕೆಲವು ಮುದ್ರಣಗಳಲ್ಲಿ ಅದನ್ನೇ ಬಿಟ್ಟಿರುತ್ತಾರೆ. ಇನ್ನು ಗ್ರಾಂಟ್‌ಚೆಸ್ಟರಿಗೆ ಹೋಗುವವರು ಗಟ್ಟಿ ಬೂಟು ಹಾಕಿಕೊಳ್ಳಿ. ಮಳೆ ಬಂದರೆ ಆ ದಾರಿ ಕೆಸರು, ದನಗಳಂತೂ ಪಕ್ಕಕ್ಕೆ ಸರಿಯುವುದಿಲ್ಲ.