ಹಾಡು ಹಚ್ಚುವ ಕೈ

ನಮ್ಮ ಕಡೆ ಹಾಡನ್ನು ‘ಹಾಕು’ ಅನ್ನುವವರು ಕಡಿಮೆ. ದೀಪ ಹಚ್ಚಿದಂತೆ, ಫ್ಯಾನು ಹಚ್ಚಿದಂತೆ ಹಾಡನ್ನೂ ಹಚ್ಚುತ್ತೇವೆ. ಕ್ರೂಸರ್ ಹತ್ತಿ ಕೂತು ಸುಧಾರಿಸಿಕೊಂಡವರು ಡ್ರೈವರನಿಗೆ ಹೇಳುವ ಮೊದಲ ಮಾತು, “ಅಣ್ಣಾ, ಯಾವ್ದರ ಒಂದ್ ಹಾಡ್ ಹಚ್ಚಪಾ.” ಅವನ ಎಡಗೈ ಕತ್ತಲಲ್ಲೂ ಸೀದಾ ಟೇಪಿನ ಮೇಲೆ ಹೋಗಿ ಕೂಡುತ್ತದೆ, ಕಣ್ಣು ರಸ್ತೆಯ ಮೇಲೇ ಇರುತ್ತದೆ. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂತು. ಹೆಸರು ಮಾತ್ರ ‘ಟೇಪು’ ಎಂದೇ ಉಳಿಯಿತು. ಕೈ ಹೊಸದಾಗಿ ಏನನ್ನೂ ಕಲಿಯಬೇಕಾಗಿರಲಿಲ್ಲ. ಕಲಿಯಬೇಕಾಗಿ ಬಂದದ್ದು ಗಾಜಿನ ಪರದೆ ಬಂದ ಮೇಲೆ.

ನಮ್ಮ ಕಾರಿನಲ್ಲಿ ಆ ಪರದೆಯಿಲ್ಲ. ಇರುವುದು ದನಿ ಏರಿಸಿ ಇಳಿಸುವ ಒಂದು ನಾಬು, ಒಂದರಿಂದ ಆರರವರೆಗಿನ ಬಟನ್ನುಗಳು, ಹಿಂದೆ ಮುಂದೆ ಹೋಗುವ ಇನ್ನೆರಡು, ಪೆನ್‌ಡ್ರೈವ್ ಚುಚ್ಚುವ ಜಾಗ, ಮೊಬೈಲಿಗೆ ಬ್ಲೂಟೂತ್. ಇಷ್ಟನ್ನು ಕಟ್ಟಿಕೊಂಡೇ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸುತ್ತುತ್ತೇವೆ. ಒಂದನೇ ಬಟನ್ನಿಗೆ ಹೊಸಪೇಟೆ ಆಕಾಶವಾಣಿ. ದೂರ ಹೋದಂತೆ ಅದು ಗೊರಗೊರ ಅನ್ನತೊಡಗಿದರೆ ಪೆನ್‌ಡ್ರೈವಿಗೆ ದಾಟುತ್ತೇವೆ. ಅದರ ಪುಟ್ಟ ಕಿಟಕಿಯಲ್ಲಿ ಮೂಡುವುದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡದಲ್ಲಿ ಹೆಸರು ಕೊಟ್ಟರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಉರ್ದುವಿನದೂ ಅದೇ ಗತಿ. ಇಲ್ಲಾದರೂ ಎರಡು ಭಾಷೆಗಳಿಗೆ ಸಮಾನತೆ ಸಿಕ್ಕಿದೆ ಎಂದು ನಾವು ನಗುವುದುಂಟು. ಅದಕ್ಕೇ ಫೋಲ್ಡರುಗಳಿಗೆ ಅಂಕಿಯ ಹೆಸರಿಟ್ಟಿದ್ದೇವೆ: 01 ಕುರ್‌ಆನ್ ಪಠಣ, 02 ಮೊಹರಮ್ಮಿನ ರಿವಾಯತ್ ಪದ, 03 ಗಜಲ್ ಮತ್ತು ಕವ್ವಾಲಿ, 04 ತತ್ವಪದ. ನಕ್ಷೆ ಬೇಕಾದಾಗ ಹೊರಡುವ ಮುಂಚೆಯೇ ಮೊಬೈಲಿನಲ್ಲಿ ಊರು ಬರೆದು ಸ್ಟ್ಯಾಂಡಿಗೆ ಸಿಕ್ಕಿಸಿಬಿಡುತ್ತೇವೆ. ದಾರಿ ಹೇಳುವ ದನಿ ಸ್ಪೀಕರಿನಲ್ಲಿ ಬರುತ್ತದೆ, ನೋಡುವ ಗರಜು ಬೀಳುವುದಿಲ್ಲ.

ಈ ಟೇಪಿನ ನಿಜವಾದ ಯಜಮಾನಿ ನಮ್ಮ ನಾನಿಮಾ. ಎರಡೂ ಕಣ್ಣು ಮಬ್ಬಾಗಿ ವರ್ಷಗಳಾದವು. ಮುಂದಿನ ಸೀಟಿನಲ್ಲಿ ಕೂತರೆ ಅವರ ಬೆರಳು ಡ್ಯಾಶ್‌ಬೋರ್ಡನ್ನು ಸವರುತ್ತ ಹೋಗಿ ಉಬ್ಬಿದ ನಾಬನ್ನು ಹಿಡಿಯುತ್ತದೆ. ಅಲ್ಲಿಂದ ಕೆಳಗೆ ಒಂದು, ಎರಡು, ಮೂರು ಎಂದು ಬಟನ್ ಎಣಿಸುತ್ತದೆ. ತಾವು ಹುಡುಗಿಯಾಗಿದ್ದಾಗ ಅಲಾವಿಯ ಸುತ್ತ ಕೇಳಿದ ರಿವಾಯತ್ತು ಹತ್ತಿದರೆ ದನಿ ಎರಡು ಗೆರೆ ಏರಿಸುತ್ತಾರೆ. ನಾವು ಯಾರೂ ಹೇಳಿಕೊಡಬೇಕಿಲ್ಲ. ಒಮ್ಮೆ ಬಂಧುಗಳ ಹೊಸ ಕಾರಿನಲ್ಲಿ ಗಂಗಾವತಿಗೆ ಮದುವೆಗೆ ಹೋದೆವು. ನಾನಿಮಾ ಕೈ ಚಾಚಿ ಅತ್ತಿತ್ತ ತಡವಿದರು. ತಣ್ಣನೆಯ ಗಾಜು, ಎಲ್ಲಿ ಮುಟ್ಟಿದರೂ ಒಂದೇ. ಮುಟ್ಟಿದಲ್ಲೆಲ್ಲ ಏನೇನೋ ತೆರೆಯಿತು, ಯಾರಿಗೋ ಫೋನು ಹೋಯಿತು. “ಇದು ಕನ್ನಡಿ ಐತಿ, ರೇಡಿಯೊ ಎಲ್ಲೈತಪಾ?” ಅಂದರು. ಆಮೇಲೆ ಮದುವೆ ಮನೆ ಬರುವ ತನಕ ಕೈ ಮಡಿಲಲ್ಲೇ ಇತ್ತು.

ಪರದೆಗೆ ಕಣ್ಣು ಮಾತ್ರ ಸಾಲದು, ಮೆತ್ತನೆಯ ಬೆರಳೂ ಬೇಕು. ಈಗಿನ ಕಾರು, ಮೊಬೈಲುಗಳ ಪರದೆ ಬೆರಳಿನ ಒತ್ತಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚರ್ಮ ತಾಗಿದಾಗ ಗಾಜಿನಡಿಯ ವಿದ್ಯುತ್ತಿನಲ್ಲಾಗುವ ಸಣ್ಣ ಬದಲಾವಣೆಯನ್ನು ಅಳೆಯುತ್ತದೆ. ಒಣಗಿ ಜಡ್ಡುಗಟ್ಟಿದ ಬೆರಳಾದರೆ ಆ ಬದಲಾವಣೆ ಕಡಿಮೆ. ಪರದೆಗೆ ಅದು ಬೆರಳೆಂದೇ ತಿಳಿಯದೆ ಹೋಗಬಹುದು. ನೀರಿನ ಹನಿ ಬಿದ್ದರೆ ಅದನ್ನೇ ಬೆರಳೆಂದು ತಿಳಿದುಬಿಡಬಹುದು. ಗಂಗಾವತಿ ಸೀಮೆಯಲ್ಲಿ ಎಡದಂಡೆ ಕಾಲುವೆಯ ನೀರಿನಲ್ಲಿ ನೆಲ ರೊಜ್ಜು ಮಾಡುವ ಟ್ರ್ಯಾಕ್ಟರ್ ಚಾಲಕ ಕೆಸರುಗೈಯಲ್ಲೇ ಟೇಪಿನ ನಾಬು ತಿರುವುತ್ತಾನೆ. ಗಿಣಿಗೇರಿ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳಿಗೆ ಹೋಗಿಬರುವ ಲಾರಿಯವರ ಕೈಗೆ ಮಸಿ ಹತ್ತಿರುತ್ತದೆ. ನಾಬು ಯಾವ ಕೈಯನ್ನೂ ಬೇಡ ಅನ್ನುವುದಿಲ್ಲ. ರೇಷನ್ ಅಂಗಡಿಯ ಯಂತ್ರದಲ್ಲಿ ಸವೆದ ಹೆಬ್ಬೆಟ್ಟು ಹತ್ತದೆ ಮತ್ತೆ ಮತ್ತೆ ಒರೆಸಿಕೊಂಡು ಒತ್ತುವವರನ್ನು ನಮ್ಮ ಊರುಗಳಲ್ಲಿ ಯಾರು ನೋಡಿಲ್ಲ? ದುಡಿದದ್ದಕ್ಕೇ ಗುರುತು ಅಳಿಸಿಹೋದ ಕೈಗಳು ಅವು.

ಇದರಲ್ಲಿ ಜೀವದ ಮಾತೂ ಇದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡೇ ಸೆಕೆಂಡು ಪರದೆ ನೋಡಿದರೆ ಗಾಡಿ 33 ಮೀಟರ್ ಕುರುಡಾಗಿ ಓಡಿರುತ್ತದೆ. ಕುಷ್ಟಗಿ, ಯಲಬುರ್ಗಾದ ರಸ್ತೆಗಳಲ್ಲಿ 33 ಮೀಟರಿನೊಳಗೆ ಒಂದು ಕುರಿಹಿಂಡು ಅಡ್ಡ ಬರಬಹುದು, ಹಿಂದೆ ದೀಪವಿಲ್ಲದ ಟ್ರೇಲರ್ ಎದುರಾಗಬಹುದು. ಗುಳೆ ಹೊರಟವರನ್ನು ಮಕ್ಕಳು ಮರಿ ಸಮೇತ ತುಂಬಿಕೊಂಡ ಗಾಡಿಗಳು ರಾತ್ರಿಯಿಡೀ ಓಡುವುದು ಇಂಥ ರಸ್ತೆಗಳಲ್ಲೇ. ಸ್ವೀಡನ್ನಿನ ‘ವಿ ಬಿಲ್‌ಎಗಾರೆ’ ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ರೇಡಿಯೊ ಹಚ್ಚುವುದು, ಬಿಸಿ ಹೆಚ್ಚಿಸುವುದು ಮುಂತಾದ ನಾಲ್ಕು ಕೆಲಸ ಮುಗಿಸಲು 2005ರ ಬಟನ್ನಿನ ಹಳೆಯ ವೋಲ್ವೊಗೆ 10 ಸೆಕೆಂಡು ಸಾಕಾಯಿತು. ಪರದೆಯ ಹೊಸ ಕಾರುಗಳಲ್ಲಿ ತೀರ ಹಿಂದೆ ಬಿದ್ದದ್ದಕ್ಕೆ 45 ಸೆಕೆಂಡಿನಷ್ಟು ಹಿಡಿಯಿತು. ಅಷ್ಟರಲ್ಲಿ ಅದು 1.3 ಕಿಲೋಮೀಟರಿಗೂ ಮಿಕ್ಕಿ ದೂರ ಹೋಗಿತ್ತು. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೊ ಎನ್‌ಕ್ಯಾಪ್ ಸಂಸ್ಥೆ ಪೂರ್ಣ ಅಂಕ ಬೇಕಾದರೆ ಇಂಡಿಕೇಟರ್, ಹಾರನ್, ವೈಪರ್‌ನಂಥವಕ್ಕೆ ಕೈಗೆ ಸಿಗುವ ಗುಂಡಿ ಇರಲಿ ಎಂದು 2026ರಿಂದ ಕೇಳತೊಡಗಿದೆ. ಫೋಕ್ಸ್‌ವ್ಯಾಗನ್ ಕೂಡ ಮುಖ್ಯ ಕೆಲಸಗಳ ಬಟನ್ನುಗಳನ್ನು ಮರಳಿ ತರುವುದಾಗಿ 2025ರಲ್ಲಿ ಹೇಳಿತು. ಅದೇ ವರ್ಷ, ಹಳ್ಳಿಯ ಕಲ್ಲುದಾರಿಗೆಂದೇ ಹೆಸರಾದ ನಮ್ಮ ಬೊಲೆರೊಗೆ ಪರದೆ ಬಂತು. ಅಲ್ಲಿ ಬಿಡುವ ಹೊತ್ತಿಗೆ ಇಲ್ಲಿ ಹಿಡಿಯುವುದು ಎಲ್ಲದರಲ್ಲೂ ನಡೆದುಬಂದದ್ದೇ.

ಪರದೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಜನದಟ್ಟಣೆಯಲ್ಲಿ ಗಾಡಿ ಹಿಂದೆ ತೆಗೆಯುವಾಗ, ಹಿಂದೆ ನಿಂತ ಮಗುವನ್ನು ತೋರಿಸುವ ಪರದೆಗೆ ಯಾವ ನಾಬೂ ಸಮವಲ್ಲ. ಮುಟ್ಟುವುದೇ ಬೇಡ, ಬಾಯಲ್ಲಿ ಹೇಳಿದರಾಯಿತು ಅನ್ನುವವರಿದ್ದಾರೆ. ಗೂಗಲ್ 2017ರಿಂದಲೇ ಕನ್ನಡದ ಮಾತನ್ನು ಅಕ್ಷರವಾಗಿಸುತ್ತಿದೆ. ಆದರೆ ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ನಾನಿಮಾ “ವೋ ಹಸೇನ್ ಹುಸೇನ್ ಪದಾ ಹಚ್ ಬೇಟಾ” ಅಂದದ್ದಕ್ಕೆ ನಮ್ಮ ಮೊಬೈಲು ಹುಡುಕಿಕೊಟ್ಟದ್ದು ಒಂದು ಬಟ್ಟೆ ಅಂಗಡಿಯ ವಿಳಾಸ.

ಹೋದ ಮಳೆಗಾಲದಲ್ಲಿ ಟೇಪಿಗೆ ನೀರು ಇಳಿದು ಸುಮ್ಮನಾಯಿತು. ಗಂಗಾವತಿಯ ಅಂಗಡಿಯ ಹುಡುಗ ಗೋಡೆಯ ತುಂಬ ಹೊಳೆಯುತ್ತಿದ್ದ ಪರದೆಗಳನ್ನು ತೋರಿಸಿದ. “ಬಟನ್ನಿಂದು ಯಾರೂ ಕೇಳಂಗಿಲ್ರಿ ಈಗ” ಅಂದ. ಕೇಳುವವರು ನಾವಿದ್ದೇವೆ ಅಂದಾಗ ಒಳಗೆ ಹೋಗಿ, ಕೆಳಗಿನ ಕಪಾಟಿನಿಂದ ಧೂಳು ಹತ್ತಿದ ಡಬ್ಬಿಯೊಂದನ್ನು ತಂದ. ತಂತಿ ಜೋಡಿಸುವ ಮೊದಲು ನಾವು ಅದನ್ನು ಕಾರಿನಲ್ಲಿ ಕೂತಿದ್ದ ನಾನಿಮಾರ ಕೈಗೆ ಕೊಟ್ಟೆವು. ಅವರು ನಾಬು ಹಿಡಿದು ಒಮ್ಮೆ ತಿರುವಿದರು, ಬಟನ್ನುಗಳನ್ನು ಎಣಿಸಿದರು. “ಆರಿದಾವ. ಹೂಂ, ಹಚ್ಚರಿ” ಅಂದರು.