ಸೊನ್ನೆ ಬೈಟ್ ಬಲಕ್ಕೆ

ರಾತ್ರಿ ಪ್ರೋಗ್ರಾಂ ಓಡಿಸಿಟ್ಟು ಹಾಸ್ಟೆಲ್‌ಗೆ ಹೋಗಿ, ಬೆಳಿಗ್ಗೆ ಲ್ಯಾಬಿಗೆ ಬಂದು ಪರದೆ ನೋಡುವುದೆಂದರೆ ಹೆಪ್ಪು ಹಾಕಿದ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಗಟ್ಟಿ ಮೊಸರಾಗಿದ್ದರೆ ಆ ದಿನವೆಲ್ಲ ಹಗುರ. ಕಳೆದ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನವಾದರೂ ನನಗೆ ಸಿಗುತ್ತಿದ್ದುದು ಒಡೆದ ಹಾಲು. ಪರದೆಯ ಕೊನೆಯಲ್ಲಿ ಎರಡೇ ಪದ: ಸೆಗ್ಮೆಂಟೇಶನ್ ಫಾಲ್ಟ್.

ನನ್ನ ಪಿಎಚ್.ಡಿ. ವೇದಾವತಿ ನದಿಯ ಮೇಲೆ. ಅಯ್ಯನಕೆರೆಯಿಂದ ಬರುವ ವೇದಾ, ಮದಗದಕೆರೆಯಿಂದ ಬರುವ ಅವತಿ ಕಡೂರಿನ ಬಳಿ ಕೂಡಿ, ಮುಂದೆ ಹಿರಿಯೂರು ಕಡೆಯ ವಾಣಿ ವಿಲಾಸ ಸಾಗರ ಸೇರುತ್ತವೆ. ಈ ನೆಲವನ್ನು 7,200 ಚೌಕಗಳಾಗಿ ಕತ್ತರಿಸಿ, ಮಳೆ ಬಿದ್ದರೆ ಯಾವ ಚೌಕದ ನೀರು ಎಲ್ಲಿಗೆ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಪ್ರೋಗ್ರಾಂ. 1933ರ ನಂತರ ಆ ಜಲಾಶಯ 2022ರಲ್ಲಿ ಕೋಡಿ ಬಿದ್ದಾಗ ನಮ್ಮೂರಿನವರು ಗಾಡಿ ಮಾಡಿಕೊಂಡು ನೋಡಲು ಹೋಗಿದ್ದರು. ನನಗೆ ವಿಷಯ ಸಿಕ್ಕಿದ್ದು ಅಲ್ಲೇ.

ಪ್ರೋಗ್ರಾಮಿನ ಮೂಲ ನನ್ನದಲ್ಲ. ಲ್ಯಾಬಿನ ಸೀನಿಯರ್ ಒಬ್ಬರು ಹಳೆಯ ಫೋರ್‌ಟ್ರಾನ್ ಕೋಡನ್ನು ಸಿ ಭಾಷೆಗೆ ತಂದು, ಅದರಲ್ಲೇ ಪಿಎಚ್.ಡಿ. ಮುಗಿಸಿ ಹೋಗಿದ್ದರು. ನಾನು ಸೇರಿಸಿದ್ದು ಕೆರೆಗಳನ್ನು. ಯಾವ ಕೆರೆಯಲ್ಲಿ ಎಷ್ಟು ನೀರಿದೆ, ಯಾವತ್ತು ಕೋಡಿ ಬೀಳುತ್ತದೆ ಎಂಬ ಒಂದು ಪಟ್ಟಿ.

ಕಾಯಿಲೆಗೆ ತಲೆಬುಡವಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದುದು ಲ್ಯಾಬಿನ ಸರ್ವರಿನಲ್ಲಿ ಸಾಯುತ್ತಿತ್ತು. ಏನಾಗುತ್ತಿದೆ ನೋಡೋಣವೆಂದು ಹೊಸದೊಂದು ವೇರಿಯಬಲ್ ಸೇರಿಸಿದೆ, ಸಾಯುವುದೇ ನಿಂತಿತು. ತೆಗೆದೆ, ಮತ್ತೆ ಸತ್ತಿತು. ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವಿನ ಹಾಗೆ. ಜಿಡಿಬಿ ಎಂಬ ಡಿಬಗರ್ ಪ್ರತಿ ಸಲವೂ ಕೆರೆಯ ನೀರಿನಿಂದ ಅದರ ವಿಸ್ತೀರ್ಣ ಹುಡುಕುವ ನನ್ನದೇ ಒಂದು ಸಾಲನ್ನು ತೋರಿಸುತ್ತಿತ್ತು. ಆ ಸಾಲನ್ನು ಐದು ಸಲ ಬದಲಿಸಿ ಬರೆದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

ಸಿ ಭಾಷೆ ಬದು ಕಾಯುವುದಿಲ್ಲ. ನೂರು ಮನೆಗಳ ಪಟ್ಟಿಯಲ್ಲಿ ನೂರೊಂದನೆಯ ಮನೆಗೆ ಬರೆ ಎಂದರೆ ಮುಂದಿನ ಜಾಗದಲ್ಲಿ ಬರೆದುಬಿಡುತ್ತದೆ. ಕಾವಲಿರುವುದು ಆಪರೇಟಿಂಗ್ ಸಿಸ್ಟಂ. ಅದು ಮೆಮೊರಿಯನ್ನು ಸಾಮಾನ್ಯವಾಗಿ 4,096 ಬೈಟ್‌ಗಳ ಪುಟಗಳಾಗಿ ಹಂಚುತ್ತದೆ. ನಮಗೆ ಕೊಡದ ಪುಟಕ್ಕೆ ಕಾಲಿಟ್ಟರೆ ಪ್ರೋಗ್ರಾಮನ್ನು ಅಲ್ಲೇ ಕೊಲ್ಲುತ್ತದೆ. ನಮ್ಮದೇ ಪುಟದೊಳಗೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಕೊನೆಗೆ ಅಡ್ರೆಸ್ ಸ್ಯಾನಿಟೈಸರ್ ಹಚ್ಚಿದೆ. ಇದು ಪ್ರತಿ ಪಟ್ಟಿಯ ಸುತ್ತ ಬೇಲಿ ಹಾಕಿ, ಮುಟ್ಟಿದ ಕ್ಷಣವೇ ಕೂಗುತ್ತದೆ. ಓಟ ಸುಮಾರು ಎರಡು ಪಟ್ಟು ನಿಧಾನವಾಗುತ್ತದೆ, ಅಷ್ಟೆ. ಮೂವತ್ತು ವರ್ಷಗಳ ಮಳೆಯಲ್ಲಿ ಮೊದಲನೆಯ ದಿನವೇ ಕೂಗಿತು: 57,600 ಬೈಟ್‌ಗಳ ಪಟ್ಟಿಯಿಂದ 0 ಬೈಟ್ ಬಲಕ್ಕೆ ಬರೆಯಲಾಗಿದೆ. ಅಂದರೆ ಬದು ದಾಟಿದ ಮೊದಲ ಹೆಜ್ಜೆಯಲ್ಲೇ.

ಫೋರ್‌ಟ್ರಾನ್‌ನಲ್ಲಿ ಎಣಿಕೆ ಸಾಮಾನ್ಯವಾಗಿ ಒಂದರಿಂದ, ಸಿಯಲ್ಲಿ ಸೊನ್ನೆಯಿಂದ. ಸೀನಿಯರ್ ಒಂದರಿಂದ 7,200ರವರೆಗೆ ಎಣಿಸಿದ್ದರು. ಹಾಗಾಗಿ ಅವರ ಪ್ರತಿ ಪಟ್ಟಿಯಲ್ಲೂ ಸೊನ್ನೆಯ ಮನೆ ಖಾಲಿ, ಕೊನೆಯ ಚೌಕ ಮಾತ್ರ ಪಕ್ಕದ ಪಟ್ಟಿಯ ಆ ಖಾಲಿ ಮನೆಯಲ್ಲಿ ಬಿಡಾರ. ಎಲ್ಲರೂ ಒಂದೊಂದು ಮನೆ ಸರಿದು ಕೂತಿದ್ದರಿಂದ ಜಗಳವೇ ಇರಲಿಲ್ಲ. ನಾನು ಪುಸ್ತಕದಲ್ಲಿದ್ದಂತೆ ಸೊನ್ನೆಯಿಂದ ಎಣಿಸಿದ ಹೊಸ ಪಟ್ಟಿ ತಂದಿಟ್ಟೆ. ನನ್ನ ಸೊನ್ನೆಯ ಮನೆಯಲ್ಲಿದ್ದುದು ಅಯ್ಯನಕೆರೆ. ಅವರ 7,200ನೆಯ ಚೌಕ ನದಿ ಜಲಾಶಯ ಸೇರುವ ಜಾಗ. ಸರ್ವರಿನಲ್ಲಿ ಎರಡೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದವು. ಪ್ರವಾಹದ ಅಂಕಿಯನ್ನು ಕೆರೆಯ ನೀರೆಂದು ಓದಿ ವಿಸ್ತೀರ್ಣ ಹುಡುಕಲು ಹೊರಟಾಗ ಪ್ರೋಗ್ರಾಂ ಎಲ್ಲೋ ದೂರ ಹೋಗಿ ಸಾಯುತ್ತಿತ್ತು.

ಇಂಥ ಒಂದರ ಲೆಕ್ಕ ದೊಡ್ಡವರಿಗೂ ತಪ್ಪುತ್ತದೆ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತದ್ದು, 20 ಮೌಲ್ಯಗಳಿದ್ದ ಕಡೆ 21ನೆಯದನ್ನು ಓದಲು ಹೋಗಿ. ಇದರಿಂದ ನನಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಸತ್ತ ರಾತ್ರಿಗಳು ಸರಿ, ಸಾಯದೆ ಬೆಳಗು ಕಂಡ ರಾತ್ರಿಗಳ ಕತೆ ಏನು?

ಅಂಥದೊಂದು ರಾತ್ರಿಯ ಫಲಿತಾಂಶ ಆಗಲೇ ಜರ್ನಲ್ ಒಂದರಲ್ಲಿ ಪರಿಶೀಲನೆಗೆ ಹೋಗಿತ್ತು. ತಿದ್ದಿ ಮತ್ತೆ ಓಡಿಸಿದೆ. ಮೂವತ್ತು ವರ್ಷಗಳಲ್ಲಿ ಹನ್ನೊಂದು ದಿನ ಬದಲಾಗಿತ್ತು. ಅದರಲ್ಲೊಂದು ನಾಲ್ಕನೆಯ ಚಿತ್ರದ ದೊಡ್ಡ ಶಿಖರ. ಆ ಶಿಖರವೇಕೆ ಬಂತೆಂದು ನಾನು ಮಳೆಯ ಹಂಚಿಕೆ, ಮಣ್ಣಿನ ತೇವ ಎಂದೆಲ್ಲ ಒಂದಿಡೀ ಪುಟ ವಿವರಣೆ ಕೊಟ್ಟಿದ್ದೆ. ಅದು ಅಯ್ಯನಕೆರೆಯ ನೀರಿನ ಅಂಕಿ. ನದಿಯಲ್ಲಿ ಆ ನೀರು ಹರಿದೇ ಇರಲಿಲ್ಲ.

ಫೆಲೋಶಿಪ್ ಮುಗಿಯಲು ಎಂಟು ತಿಂಗಳಿತ್ತು. ಯಾರೂ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಬಹುದಾದಷ್ಟು ಹೇಳಿದೆ. ಹಿಂದೊಮ್ಮೆ ನಮ್ಮ ಹೊಲದ ಸರ್ವೆ ಮಾಡಿಸಿದಾಗ ಬದು ಎರಡು ಸಾಲು ಪಕ್ಕದವರ ಕಡೆಗೆ ಸರಿದಿದ್ದು ಗೊತ್ತಾಗಿತ್ತು. ಅಜ್ಜನ ಕಾಲದಿಂದ ವರ್ಷಕ್ಕಿಷ್ಟು ನೇಗಿಲು ತಾಗಿ ತಾಗಿ ಹಾಗಾಗಿತ್ತು. ಅದೇ ವಾರ ಅಪ್ಪ ಬದು ಕಿತ್ತು ಹಿಂದಕ್ಕೆ ಹಾಕಿದ್ದರು. ಈಗಲೂ ಅಷ್ಟೇ ಹೇಳಿದರು: "ಅಳತೆ ಆಗೋವರೆಗೂ ಗೊತ್ತಿರಲಿಲ್ಲ ಅನ್ಬೋದು. ಆದ್ಮೇಲೆ ಹೆಂಗಂತೀಯ?"

ಮರುದಿನ ಗೈಡ್ ಮುಂದೆ ಎರಡೂ ಚಿತ್ರ ಇಟ್ಟೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಲೇಖನವನ್ನು ವಾಪಸು ತರಿಸಿಕೊಳ್ಳಲು ಮೇಲ್ ಬರೆಯೋಣ ಎಂದರು. ಸಂಜೆ ಸೀನಿಯರ್‌ಗೂ ಫೋನ್ ಮಾಡಿದೆ. ಮೊದಲು ನಕ್ಕರು. ಆಮೇಲೆ ದನಿ ತಗ್ಗಿಸಿ, "ನನ್ನ ಥೀಸಿಸ್?" ಎಂದರು. ಅದನ್ನು ಮೊದಲೇ ನೋಡಿಟ್ಟಿದ್ದೆ. ಅವರ ಪಟ್ಟಿಗಳ ನಡುವೆ ಖಾಲಿ ಮನೆಗಳಿದ್ದವು, ಏನೂ ಕೆಟ್ಟಿರಲಿಲ್ಲ. ಅತ್ತ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

ತಿದ್ದಿದ ಲೇಖನ ಹೋದ ವಾರ ಮತ್ತೆ ಕಳಿಸಿದ್ದೇನೆ. ನಾಲ್ಕನೆಯ ಚಿತ್ರದಲ್ಲಿ ಈಗ ಶಿಖರವಿಲ್ಲ. ಸಾಧಾರಣ ಮಳೆಯ ಸಾಧಾರಣ ನದಿ.