ಕೃಷ್ಣೆಯ ದಡದಿಂದ ಹಲಗಲಿಯ ಹಾಡಿನೆಡೆಗೆ

ಜಮಖಂಡಿಯಿಂದ ವಿಜಯಪುರದ ಹಾದಿ ಹಿಡಿದು ಹೊರಟ ಪ್ರವಾಸಿಗನಿಗೆ ಕಬ್ಬಿನ ಹೊಲಗಳ ಹಸಿರು ಮುಗಿಯುವಲ್ಲಿ ಕೃಷ್ಣೆ ಎದುರಾಗುತ್ತಾಳೆ. ಅಲ್ಲಿಯೇ ಚಿಕ್ಕಪಡಸಲಗಿ. ಇಲ್ಲಿ ನೋಡಬೇಕಾದುದು ಗುಡಿಗೋಪುರವಲ್ಲ, ನದಿಗೆ ಅಡ್ಡಲಾಗಿ ನಿಂತ ಒಂದು ಬಾಂದಾರ. ಸರಕಾರದ ದಾರಿ ಕಾಯುತ್ತ ಕೂಡದೆ ಈ ಸೀಮೆಯ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಇದನ್ನು ಕಟ್ಟಿ ಮುಗಿಸಿದರು. ಮುಂದಾಳಾಗಿದ್ದವರು ಸಿದ್ದು ನ್ಯಾಮಗೌಡರು. ಬೆವರಿನಿಂದ ಮೂಡಿದ ಈ ಜಲರಾಶಿಗೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಎಷ್ಟು ಸಹಜವಾಗಿ ಒಪ್ಪುತ್ತದೆ!

ಬಾಂದಾರದ ಮೇಲೆ ನಿಂತು ನೀರನ್ನು ನೋಡುತ್ತಿರುವಾಗ ಮನಸ್ಸು ದಕ್ಷಿಣಕ್ಕೆ, ಮುಧೋಳದ ಕಡೆಗೆ ಹರಿಯಿತು. ಅಪ್ಪಣೆಗಾಗಿ ಕಾಯದೆ ಬಾಂದಾರ ಕಟ್ಟಿದ ಜನ ಇಲ್ಲಿಯವರು. ಬಂದ ಅಪ್ಪಣೆಯನ್ನೇ ಒಲ್ಲೆವೆಂದ ಜನ ಒಂದು ಶತಮಾನಕ್ಕೂ ಹಿಂದೆ ಇದೇ ಸೀಮೆಯಲ್ಲಿದ್ದರು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು ಅವರು. ಅವರನ್ನು ಕಾಣಬೇಕಾದರೆ ಊರಿಗೆ ಹೋದರಷ್ಟೇ ಸಾಲದು, ಒಂದು ಲಾವಣಿಗೂ ಕಿವಿಗೊಡಬೇಕು.

ಆಯುಧ ಕೇಳಿದ ಹುಕುಮು

1857ರ ದಂಗೆಯಿಂದ ಬೆಚ್ಚಿದ ಕಂಪನಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿಯುವ ಕಾಯಿದೆ ಮಾಡಿತು. ಕಚೇರಿಯ ಕಾಗದದ ಮೇಲೆ ಅದು ಕೆಲವು ಸಾಲುಗಳ ಮಾತು. ಬೇಡರಿಗೋ ಆಯುಧವೆಂದರೆ ಬೇಟೆ, ಅನ್ನ, ಮಾನ. ತಂದೆಯಿಂದ ಮಗನಿಗೆ ಬಂದ ಕುಲದ ಗುರುತು. ಅವರು ಯಾರ ರಾಜ್ಯವನ್ನೂ ಬಯಸಿದವರಲ್ಲ. ತಾವು ತಾವಾಗಿ ಬಾಳುವುದನ್ನು ಮಾತ್ರ ಬಯಸಿದರು. ಆಯುಧ ಕೊಡೆವೆಂದರು. ನವೆಂಬರಿನ ಕೊನೆಯಲ್ಲಿ ದಂಡು ಬಂದಿತು, ಊರು ಸುಟ್ಟಿತು. ಕಾದಾಟದಲ್ಲಿ ಅನೇಕರು ಮಡಿದರು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಈ ಕಥೆಯನ್ನು ಉಳಿಸಿದವರು ಲಾವಣಿಕಾರರು. ಹಲಗಲಿಯ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಕುರ್ತಕೋಟಿ ಇರುವುದು ದೂರದ ಗದಗ ಸೀಮೆಯಲ್ಲಿ. ಅಷ್ಟು ದೂರದ ದೇವರ ಹೆಸರಿನಲ್ಲಿ ಹಾಡು ಕಟ್ಟಿದ ಕವಿ ಹಲಗಲಿಯ ದುಃಖವನ್ನು ತನ್ನದೇ ಎಂದು ಹೊತ್ತುಕೊಂಡ. ಹನುಮ, ಬಾಲ, ಜಡಗ, ರಾಮ ಎಂದು ಬೇಡರ ಹೆಸರುಗಳನ್ನು, ಅರಸರ ಹೆಸರುಗಳನ್ನು ಹೇಳುವಷ್ಟೇ ಗೌರವದಿಂದ ಹೇಳಿದ. ಶಾಸನಗಳಲ್ಲಿ ಸ್ಥಾನ ದೊರೆಯದವರಿಗೆ ಹಾಡು ಸಮಾನತೆಯ ಪೀಠವನ್ನು ಹಾಕಿಕೊಟ್ಟಿತು.

ಲಾವಣಿಯ ಅತ್ಯಂತ ಮನಕಲಕುವ ಭಾಗವಾದರೂ ಯಾವುದು? ಕಾದಾಟದ ವರ್ಣನೆಯಲ್ಲ, ಲೂಟಿಯ ಪಟ್ಟಿ. ದಂಡಿನವರು ಹೊತ್ತೊಯ್ದುದನ್ನು ಕವಿ ಒಂದೊಂದಾಗಿ ಎಣಿಸುತ್ತಾನೆ. ಅಲ್ಲಿ ಚಿನ್ನದ ರಾಶಿಯಿಲ್ಲ, ಆನೆ ಕುದುರೆಗಳಿಲ್ಲ. ಅಡುಗೆಮನೆಯ ಬೆಲ್ಲವಿದೆ, ಉಪ್ಪಿದೆ, ಜೀರಿಗೆಯಿದೆ, ಹೆಂಗಸರ ಮಂಗಳಸೂತ್ರವಿದೆ, ಕೊನೆಗೆ ಬೀಸುವ ಕಲ್ಲೂ ಇದೆ. ಬೀಸುವ ಕಲ್ಲನ್ನು ಕಳೆದುಕೊಂಡ ಮನೆಯಲ್ಲಿ ಬೆಳಗಿನ ಹಾಡೂ ನಿಂತುಹೋಗುತ್ತದೆಂಬುದನ್ನು ಈ ಸೀಮೆಯ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಗೆಯ ಕೈಯಲ್ಲಿ ಹಾಡು

ಇನ್ನೊಂದು ಸಂಗತಿ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಈ ಹಾಡನ್ನು ಮೊದಲು ಅಚ್ಚಿಗೆ ತಂದವರಲ್ಲಿ ಮುಖ್ಯನಾದವನು ಆಂಗ್ಲ ಅಧಿಕಾರಿಯೇ. ಶಾಸನ ಸಂಶೋಧಕನೆಂದು ಪ್ರಸಿದ್ಧನಾದ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಸರಕಾರದ ಸೇವೆಯಲ್ಲಿದ್ದವನು. ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ತನ್ನ ಸರಕಾರವೇ ಸುಟ್ಟ ಊರಿನ ಅಳಲನ್ನು ಅದರ ನೌಕರನೇ ಬರೆದಿಟ್ಟ. ಇದನ್ನು ಪ್ರಾಯಶ್ಚಿತ್ತವೆನ್ನಲಾಗದು, ವಿದ್ವತ್ತಿನ ಕುತೂಹಲವೆಂದೇ ಎನ್ನೋಣ. ಆದರೂ ಹಾಡು ಹಗೆಯ ಕೈಯಿಂದಲೂ ತನ್ನ ಕೆಲಸ ಮಾಡಿಸಿಕೊಂಡಿತಲ್ಲವೇ?

ಕಡಲಾಚೆಯಲ್ಲಿಯೂ ಇಂಥ ಉದಾಹರಣೆಗಳಿವೆ. ಆಸ್ಟ್ರೇಲಿಯಾದ ಮೂಲನಿವಾಸಿ ಕವಯಿತ್ರಿ ಊಡ್ಜೆರೂ ನೂನಕಲ್ 1964ರಲ್ಲಿ ತಮ್ಮ ಮೊದಲ ಕವನಸಂಗ್ರಹವನ್ನು ಹೊರತಂದರು. ಅಲ್ಲಿಯ ಮೂಲನಿವಾಸಿಯೊಬ್ಬರ ಕವಿತೆಗಳು ಪುಸ್ತಕವಾಗಿ ಬಂದದ್ದು ಅದೇ ಮೊದಲು. ತಮ್ಮ ಜನರ ಹಕ್ಕಿಗಾಗಿ 1967ರ ಜನಮತಗಣನೆಯ ಚಳುವಳಿಯಲ್ಲಿಯೂ ಅವರು ದುಡಿದರು. ತಾಯ್ತಂದೆಗಳಿಂದ ಕಿತ್ತೊಯ್ದ ಮಕ್ಕಳ ಪೀಳಿಗೆಗಳ ಕ್ಷಮೆಯನ್ನು ಅಲ್ಲಿಯ ಸಂಸತ್ತು ಕೇಳಿದ್ದು 2008ರಲ್ಲಿ. ಕವಿತೆ ಮೊದಲು ನುಡಿಯಿತು. ರಾಜ್ಯ ನಾಲ್ಕು ದಶಕಗಳ ಮೇಲೆ ಓಗೊಟ್ಟಿತು.

ಒಂದು ಭೇದವನ್ನು ಮಾತ್ರ ಮರೆಯಲಾಗದು. ಊಡ್ಜೆರೂ ತಮ್ಮ ಮಾತನ್ನು ತಾವೇ ಬರೆದರು. ಹಲಗಲಿಯ ಬೇಡರ ಮಾತನ್ನು ನಾವು ಲಾವಣಿಕಾರನ ಬಾಯಿಂದ ಕೇಳುತ್ತೇವೆ. ಗಲ್ಲಿಗೇರಿದವರ ಹೆಂಡಿರು ಮಕ್ಕಳು ಆ ರಾತ್ರಿ ಏನು ನುಡಿದರೆಂಬುದು ಅದರೊಳಗಿಲ್ಲ. ಸೌಹಾರ್ದವೆಂದರೆ ಹಳೆಯದನ್ನು ಮರೆಯುವುದಲ್ಲ, ಕೇಳದೆ ಉಳಿದ ಈ ದನಿಗೂ ಎಡೆ ಬಿಡುವುದು. ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದವು. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಹಲಗಲಿಯ ಲಾವಣಿ ಬಂದಿತು. ಎಲ್ಲ ಕುಲದ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಜಡಗ, ಬಾಲರ ಹೆಸರು ಹೇಳಿದರು. ಕಾನೂನು ಮಾಡಬಲ್ಲುದನ್ನು ಕಾನೂನು ಮಾಡಲಿ. ನೆರೆಯವನ ನೋವನ್ನು ಕಂಠಪಾಠ ಮಾಡಿಸುವ ಕೆಲಸ ಕವಿತೆಯದು.

ಸಂಜೆಗೆ ಮತ್ತೆ ಚಿಕ್ಕಪಡಸಲಗಿಗೆ ಬಂದಾಗ ಕೃಷ್ಣೆ ಕೆಂಪಾಗಿದ್ದಳು. ಬಾಂದಾರದ ನೀರು ಏರಿ ಹೊಲವಿದ್ದವನ ಹೊಲಕ್ಕೆ ಹೋಗುತ್ತದೆ. ಹೊಲವಿಲ್ಲದವನಿಗೆ ಅದರಿಂದ ದೊರೆಯುವುದು ಕೂಲಿ. ಈ ಲೆಕ್ಕ ಇನ್ನೂ ಸರಿಹೋಗಬೇಕಾಗಿದೆ. ಹಾಡಿನಲ್ಲಿ ಮಾತ್ರ ಅಂಥ ಪಾಲುಪಟ್ಟಿಯಿಲ್ಲ. ದಡದ ಮೇಲೆ ಯಾರು ನಿಂತು ಹಾಡಿದರೂ ಅದು ಅವರದೇ. ಈ ಸೀಮೆಗೆ ಬರುವ ವಾಚಕರು ಬಾಂದಾರವನ್ನು ಕಣ್ತುಂಬ ನೋಡಲಿ. ಆಮೇಲೆ ಹಲಗಲಿಯ ಹಾದಿಯನ್ನೂ ಒಮ್ಮೆ ಕೇಳಲಿ.